ಮಿಲಿಂದನಿಗೆ ಕೊಟ್ಟ ಉತ್ತರವೂ ಕಚೇರಿಯ ಧ್ಯಾನದ ತರಗತಿಯೂ

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಪ್ರತಿ ಬುಧವಾರ ‘ಮೈಂಡ್‌ಫುಲ್‌ನೆಸ್’ ತರಗತಿ ನಡೆಯುತ್ತದೆ. ಇದು ಅಮೆರಿಕದ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ವಿಧಾನ ಎಂದು ತರಬೇತಿ ಕೊಡುವವರು ಹೇಳಿದರು. ಬುದ್ಧನ ಹೆಸರು ಒಮ್ಮೆಯೂ ಬರಲಿಲ್ಲ. ಪಾಶ್ಚಾತ್ಯರಿಗೆ ಬೌದ್ಧಧರ್ಮದ ಪರಿಚಯ ಯಾವಾಗ, ಹೇಗೆ ಆಯಿತು? ಏಸು ಲಡಾಖಿಗೆ ಬಂದು ಬೌದ್ಧಧರ್ಮ ಕಲಿತನೆಂದು ಸ್ನೇಹಿತರೊಬ್ಬರು ವಾದಿಸುತ್ತಾರೆ, ಇದು ನಿಜವೆ? ಈಗ ನಮ್ಮ ಕಚೇರಿಗೆ ಬಂದಿರುವುದು ಬುದ್ಧ ಹೇಳಿದ್ದೇ ಹೌದೆ?

ಉತ್ತರ: ಮೂರು ಪ್ರಶ್ನೆಗಳಲ್ಲಿ ನಡುವಿನದು ಸುಲಭವಾದದ್ದು, ಅದನ್ನು ಮೊದಲು ಮುಗಿಸುತ್ತೇನೆ. ಏಸು ಲಡಾಖಿಗೆ ಬಂದಿದ್ದನೆಂಬ ಕಥೆಯನ್ನು ಹಬ್ಬಿಸಿದವನು ನಿಕೊಲಾಸ್ ನೊಟೊವಿಚ್ ಎಂಬ ರಷ್ಯನ್ ಪ್ರವಾಸಿ. ಹೇಮಿಸ್ ಮಠದಲ್ಲಿ ತನಗೆ ಏಸುವಿನ ಅಜ್ಞಾತ ಜೀವನಚರಿತ್ರೆಯ ಹಸ್ತಪ್ರತಿಯನ್ನು ಓದಿ ಹೇಳಿದರೆಂದು ಆತ 1894ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಮರುವರ್ಷ ಆಗ್ರಾದ ಕಾಲೇಜೊಂದರ ಪ್ರಾಧ್ಯಾಪಕ ಡಗ್ಲಸ್ ಎಂಬುವರು ಹೇಮಿಸ್‌ಗೇ ಹೋಗಿ ವಿಚಾರಿಸಿದಾಗ ಅಲ್ಲಿಯ ಮುಖ್ಯ ಲಾಮಾ ಅಂಥ ಗ್ರಂಥವೂ ಇಲ್ಲ, ಅಂಥ ಘಟನೆಯೂ ನಡೆದಿಲ್ಲ ಎಂದು ಖಂಡಿತವಾಗಿ ಹೇಳಿದರು. ಅಲ್ಲಿಗೆ ಆ ಅಧ್ಯಾಯ ಮುಗಿಯಬೇಕಿತ್ತು, ಆದರೆ ಇಂಥ ಕಥೆಗಳಿಗೆ ಆಯುಸ್ಸು ಗಟ್ಟಿ. ಏಸು ಬೌದ್ಧನಾಗಲಿಲ್ಲ, ಅದರ ಬದಲು ಬುದ್ಧನೇ ಕ್ರೈಸ್ತ ಸಂತನಾದ, ಇದು ದಾಖಲೆ ಇರುವ ಸಂಗತಿ. ಅದನ್ನು ಅದರ ಕಾಲ ಬಂದಾಗ ಹೇಳುತ್ತೇನೆ.

ಮೊದಲ ಭೇಟಿಗೆ ಸಾಕ್ಷಿ ಕಲ್ಲಿನಲ್ಲಿದೆ. ಕ್ರಿ.ಪೂ. 3ನೆಯ ಶತಮಾನದ ನಡುವಿನಲ್ಲಿ ಅಶೋಕನು ತನ್ನ 13ನೆಯ ಬಂಡೆ ಶಾಸನದಲ್ಲಿ ಐವರು ಗ್ರೀಕ್ ಅರಸರನ್ನು ಹೆಸರಿಸುತ್ತಾನೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ ಮತ್ತು ಅಲಿಕಸುದರ. ಅಂದರೆ ಸಿರಿಯದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೊನಸ್, ಸೈರೀನಿನ ಮಗಸ್ ಮತ್ತು ಒಬ್ಬ ಅಲೆಕ್ಸಾಂಡರ್. ಅವರ ನಾಡುಗಳಲ್ಲಿಯೂ ತನ್ನ ಧಮ್ಮವಿಜಯ ನಡೆದಿದೆ ಎಂದು ಅಶೋಕ ಹೇಳಿಕೊಳ್ಳುತ್ತಾನೆ. ಆ ಅರಸರ ಕಡೆಯಿಂದ ಇದಕ್ಕೆ ಸಾಕ್ಷಿ ಹೇಳುವ ಒಂದು ಸಾಲೂ ಸಿಕ್ಕಿಲ್ಲವಾದ್ದರಿಂದ ಇದನ್ನು ಒಬ್ಬ ಚಕ್ರವರ್ತಿಯ ಮಾತೆಂದೇ ಓದಬೇಕು. ಆದರೆ 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಬೆಳಕಿಗೆ ಬಂದ ಬಂಡೆಯನ್ನು ಹಾಗೆ ಬದಿಗಿಡಲು ಬರುವುದಿಲ್ಲ. ಅದರಲ್ಲಿ ಮೇಲೆ ಗ್ರೀಕ್, ಕೆಳಗೆ ಅರಾಮಿಕ್, ಎರಡು ಭಾಷೆಗಳಲ್ಲಿ ಅಶೋಕನೇ ಮಾತಾಡುತ್ತಾನೆ: ಅರಸನು ಪ್ರಾಣಿಗಳನ್ನು ಕೊಲ್ಲುವುದನ್ನು ಬಿಟ್ಟಿದ್ದಾನೆ, ಅವನ ಬೇಟೆಗಾರರೂ ಬೆಸ್ತರೂ ತಮ್ಮ ಬೇಟೆ ನಿಲ್ಲಿಸಿದ್ದಾರೆ, ಜನರು ತಂದೆತಾಯಿಗಳಿಗೂ ಹಿರಿಯರಿಗೂ ವಿಧೇಯರಾಗಿದ್ದಾರೆ.

ಈ ಗ್ರೀಕ್ ಪಾಠದಲ್ಲಿ ‘ಧಮ್ಮ’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡಿಲ್ಲ. ಅನುವಾದಕನು ಅದಕ್ಕೆ ‘ಯೂಸೆಬಿಯಾ’ ಎಂಬ ಗ್ರೀಕ್ ಪದವನ್ನು ಬಳಸಿದ್ದಾನೆ. ದೇವರಲ್ಲಿಯೂ ಹಿರಿಯರಲ್ಲಿಯೂ ಇರಬೇಕಾದ ಭಯಭಕ್ತಿ ಎಂಬುದು ಅದರ ಹತ್ತಿರದ ಅರ್ಥ. ಧರ್ಮಛತ್ರ, ಧರ್ಮದೇಟು, ‘ಧರ್ಮ ಮಾಡಿ ತಾಯಿ’ ಎಂಬಷ್ಟು ದೂರಕ್ಕೆ ಹಬ್ಬಿರುವ ನಮ್ಮ ‘ಧರ್ಮ’ವನ್ನು ಒಂದೇ ಅನ್ಯಭಾಷೆಯ ಪದದಲ್ಲಿ ಹಿಡಿಯಲು ಹೊರಟವನ ಕಷ್ಟ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬುದ್ಧನ ಹೆಸರು ಆ ಬಂಡೆಯಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನೂ ಗಮನಿಸಬೇಕು. ಬುದ್ಧನ ಹೆಸರು ಬಿಟ್ಟು ಕೇಳುಗರಿಗೆ ಪರಿಚಿತವಾದ ಪದದಲ್ಲಿ ವಿಷಯ ಹೇಳುವ ಪದ್ಧತಿ ನಿಮ್ಮ ಬುಧವಾರದ ತರಗತಿಯಿಂದ ಶುರುವಾದದ್ದಲ್ಲ.

ಕಂದಹಾರದಲ್ಲಿಯೇ 1963ರಲ್ಲಿ ಇನ್ನೊಂದು ಗ್ರೀಕ್ ಶಾಸನ ಸಿಕ್ಕಿತು. ಅದು 12ನೆಯ ಶಾಸನದ ಕೊನೆ ಮತ್ತು 13ನೆಯದರ ಆರಂಭ. ಈ 12ನೆಯ ಶಾಸನದ ಪ್ರಾಕೃತ ಪಾಠ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಇದೆ. ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು 1980ರ ದಶಕದಲ್ಲಿ ತಿಳಿದುಬಂತು. ತನ್ನ ಪಂಥವನ್ನು ಹೊಗಳಿ ಅನ್ಯರ ಪಂಥವನ್ನು ಕಾರಣವಿಲ್ಲದೆ ತೆಗಳಬಾರದು, ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು ಎನ್ನುವ ಒಂದೇ ಮಾತು ಭೀಮೆಯ ದಂಡೆಯಲ್ಲಿ ಪ್ರಾಕೃತವಾಗಿ, ಕಂದಹಾರದಲ್ಲಿ ಗ್ರೀಕ್ ಆಗಿ ನಿಂತಿದೆ. ಪಂಥಕ್ಕೆ ಅಶೋಕ ಬಳಸಿದ ಪದ ‘ಪಾಸಂಡ’. ಗ್ರೀಕ್ ಅನುವಾದಕ ಅದಕ್ಕೆ ತತ್ತ್ವಶಾಸ್ತ್ರಜ್ಞರ ಶಾಲೆಯನ್ನು ಸೂಚಿಸುವ ಪದವನ್ನು ಆರಿಸಿಕೊಂಡ. ಆ ‘ಪಾಸಂಡ’ವೇ ಕನ್ನಡಕ್ಕೆ ಬರುವ ಹೊತ್ತಿಗೆ ‘ಪಾಷಂಡಿ’ ಎಂಬ ಬೈಗುಳವಾಯಿತು. ಇಬ್ಬರಲ್ಲಿ ಅಶೋಕನ ಮನಸ್ಸಿಗೆ ಹತ್ತಿರವಾಗಿದ್ದವನು ಆ ಹೆಸರಿಲ್ಲದ ಗ್ರೀಕನೇ ಎಂದು ನನಗೆ ತೋರುತ್ತದೆ.

ಮುಂದಿನ ಭೇಟಿ ಅರಸನಿಗೂ ಭಿಕ್ಷುವಿಗೂ ನಡೆದದ್ದು. ಕ್ರಿ.ಪೂ. 2ನೆಯ ಶತಮಾನದಲ್ಲಿ ಪಂಜಾಬನ್ನು ಆಳಿದ ಗ್ರೀಕ್ ಅರಸ ಮಿನಾಂಡರ್ ಪಾಲಿ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಮಿಲಿಂದನಾಗಿ ಬರುತ್ತಾನೆ, ಇತಿಹಾಸದಲ್ಲಿ ಅವನು ಇದ್ದದ್ದಕ್ಕೆ ಒಂದು ಬದಿಯಲ್ಲಿ ಗ್ರೀಕ್, ಇನ್ನೊಂದು ಬದಿಯಲ್ಲಿ ಖರೋಷ್ಠಿ ಲಿಪಿ ಇರುವ ನಾಣ್ಯಗಳು ಸಾಕ್ಷಿ. ಗ್ರಂಥವು ಅವನ ಕಾಲಕ್ಕಿಂತ ಈಚಿನದು. ಆದ್ದರಿಂದ ಅಲ್ಲಿಯ ಸಂಭಾಷಣೆಯನ್ನು ವರದಿಯೆಂದು ಓದಬಾರದು. ಹಾಗಿದ್ದರೂ ಅದರ ತರ್ಕದ ಸೊಗಸು ದೊಡ್ಡದು. ‘ನಾಗಸೇನ ಎಂಬುದು ಬರಿಯ ಹೆಸರು, ಅದರೊಳಗೆ ಯಾವ ವ್ಯಕ್ತಿಯೂ ಸಿಕ್ಕುವುದಿಲ್ಲ’ ಎಂದು ಭಿಕ್ಷು ನಾಗಸೇನ ಹೇಳಿದಾಗ ಅರಸ ಒಪ್ಪುವುದಿಲ್ಲ. ಆಗ ಭಿಕ್ಷು, ನೀನು ಹೇಗೆ ಬಂದೆ ಎಂದು ಕೇಳುತ್ತಾನೆ. ರಥದಲ್ಲಿ ಎಂದು ಉತ್ತರ ಬರುತ್ತದೆ. ಹಾಗಾದರೆ ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಒಂದೊಂದಕ್ಕೂ ಅಲ್ಲ ಎನ್ನುತ್ತ ಹೋದ ಅರಸ ಕೊನೆಗೆ, ಇವೆಲ್ಲ ಕೂಡಿದಾಗ ‘ರಥ’ ಎಂಬ ಹೆಸರು ನಡೆಯುತ್ತದೆ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಇದೇ ಗ್ರಂಥದಲ್ಲಿ ಮಿಲಿಂದನು ‘ಸತಿ’ ಎಂದರೇನು ಎಂದು ಇನ್ನೊಂದು ಪ್ರಶ್ನೆ ಕೇಳುತ್ತಾನೆ. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಅಲ್ಲಿರುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಗಾಂಧಾರದ ಶಿಲ್ಪದಲ್ಲಿ ಬುದ್ಧನ ಜೊತೆಗಾರ ವಜ್ರಪಾಣಿ ಗ್ರೀಕರ ಹೆರಾಕ್ಲಿಸನ ರೂಪದಲ್ಲಿ ನಿಂತದ್ದು, ಕಾರ್ಲೆಯ ಗುಹೆಯ ಕಂಬಗಳ ಮೇಲೆ ಯವನ ದಾನಿಗಳ ಹೆಸರು ಇರುವುದು ಬಹುಮಂದಿಗೆ ಗೊತ್ತಿರುವ ಸಂಗತಿ. ಅತ್ತ ಯುರೋಪಿನ ಕಡೆ ದಾಖಲೆ ತೀರ ಬಡವಾದದ್ದು. ಸುಮಾರು ಕ್ರಿ.ಶ. 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಕ್ರೈಸ್ತ ಲೇಖಕ, ಭಾರತದಲ್ಲಿ ‘ಬುಟ್ಟ’ನ ಉಪದೇಶವನ್ನು ಪಾಲಿಸಿ ಅವನನ್ನು ದೇವರಂತೆ ಗೌರವಿಸುವವರಿದ್ದಾರೆ ಎಂದು ಒಂದು ಮಾತು ಬರೆದಿದ್ದಾನೆ.

ಬುದ್ಧನು ಸಂತನಾದ ಕಥೆ ಇದರ ನಂತರದ್ದು. ರಾಜಕುಮಾರನೊಬ್ಬ ಸನ್ಯಾಸಿಯಾಗುವನೆಂದು ಜೋಯಿಸರು ಹೇಳುತ್ತಾರೆ, ತಂದೆ ಅವನನ್ನು ಅರಮನೆಯಲ್ಲಿ ಕೂಡಿಹಾಕುತ್ತಾನೆ, ಹೊರಗೆ ಬಂದ ಮಗ ರೋಗಿಯನ್ನೂ ಮುದುಕನನ್ನೂ ಕಂಡು ವಿರಕ್ತನಾಗುತ್ತಾನೆ. ಈ ಕಥೆ ಮಧ್ಯ ಏಷ್ಯಾದಲ್ಲಿದ್ದ, ಪರ್ಷಿಯಾದ ಪ್ರವಾದಿ ಮಾನಿಯ ಪಂಥದವರ ಕೈಯಿಂದ ಅರಬ್ಬಿಗೆ, ಅರಬ್ಬಿಯಿಂದ ಜಾರ್ಜಿಯನ್ ಭಾಷೆಗೆ, ಅಲ್ಲಿಂದ ಗ್ರೀಕ್‌ಗೆ, 11ನೆಯ ಶತಮಾನದಲ್ಲಿ ಲ್ಯಾಟಿನ್‌ಗೆ ಸಾಗಿತು. ದಾರಿಯಲ್ಲಿ ರಾಜಕುಮಾರನನ್ನು ಕ್ರೈಸ್ತಮತಕ್ಕೆ ತರುವ ಬರ್ಲಾಮ್ ಎಂಬ ತಪಸ್ವಿ ಸೇರಿಕೊಂಡ. ‘ಬೋಧಿಸತ್ತ್ವ’ ಎಂಬ ಪದ ಅರಬ್ಬಿಯಲ್ಲಿ ‘ಬೂದಾಸಫ್’ ಆಗಿ, ಅರಬ್ಬಿ ಲಿಪಿಯಲ್ಲಿ ಬಕಾರಕ್ಕೂ ಯಕಾರಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕೆಯದಷ್ಟೇ ಆದ್ದರಿಂದ ‘ಯೂದಾಸಫ್’ ಆಗಿ, ಲ್ಯಾಟಿನ್ನಿನಲ್ಲಿ ‘ಜೋಸಫಾತ್’ ಆಯಿತು. ಅವಸರದ ಬರೆಹದಲ್ಲಿ ನಾವು ‘ಪ’ವನ್ನು ‘ಷ’ ಎಂದು ಓದಿಬಿಡುವ ಹಾಗೆ. ರೋಮನ್ ಕ್ಯಾಥೊಲಿಕ್ ಸಂತರ ಪಟ್ಟಿಯಲ್ಲಿ ಬರ್ಲಾಮ್ ಮತ್ತು ಜೋಸಫಾತರ ಹೆಸರು ನವೆಂಬರ್ 27ಕ್ಕೆ ಸೇರಿತು. 1571ರಲ್ಲಿ ವೆನಿಸ್ಸಿನ ಅಧಿಪತಿ ಪೋರ್ಚುಗಲ್ಲಿನ ದೊರೆಗೆ ಕಾಣಿಕೆ ಕೊಟ್ಟ ಪವಿತ್ರಾಸ್ಥಿ ಸಂತ ಜೋಸಫಾತನದೆಂದೇ ನಂಬಿಕೆಯಾಗಿತ್ತು. ಇಲ್ಲಿಯೂ ಅಸ್ಥಿಯ ಪೂಜೆಯೇ! 19ನೆಯ ಶತಮಾನದ ನಡುವೆ ವಿದ್ವಾಂಸರು ಎರಡೂ ಕಥೆಗಳನ್ನು ಜೊತೆಗಿಟ್ಟು ಓದುವವರೆಗೆ, ತಾವು ಬೇಡಿಕೊಳ್ಳುತ್ತಿರುವುದು ಯಾರನ್ನೆಂದು ಯುರೋಪಿನವರಿಗೆ ತಿಳಿದಿರಲಿಲ್ಲ.

ಹಾಗೆಂದು ನಡುವಿನ ಶತಮಾನಗಳಲ್ಲಿ ಮುಖಾಮುಖಿಯೇ ಆಗಲಿಲ್ಲವೆಂದಲ್ಲ. ಮಾರ್ಕೊ ಪೋಲೊ ಸಿಂಹಳದ ಬಗ್ಗೆ ಬರೆಯುವಾಗ, ಬುದ್ಧನು ಕ್ರೈಸ್ತನಾಗಿದ್ದರೆ ದೊಡ್ಡ ಸಂತನಾಗುತ್ತಿದ್ದ ಎಂದ. ಆಗಲೇ ಆಗಿದ್ದನೆಂಬುದು ಅವನಿಗೆ ಗೊತ್ತಿರಲಿಲ್ಲ. 1549ರಲ್ಲಿ ಜಪಾನಿಗೆ ಹೋದ ಫ್ರಾನ್ಸಿಸ್ ಜೇವಿಯರ್ ತನ್ನ ದೇವರಿಗೆ ‘ದೈನಿಚಿ’ ಎಂಬ ಜಪಾನಿ ಪದ ಬಳಸಿ, ಅದು ವೈರೋಚನ ಬುದ್ಧನ ಹೆಸರೆಂದು ಆಮೇಲೆ ತಿಳಿದು ಕೈಬಿಟ್ಟ. ಆದರೆ ಜಪಾನ್, ಸಯಾಂ, ಟಿಬೆಟ್, ಸಿಂಹಳಗಳಲ್ಲಿ ತಾವು ಕಂಡದ್ದು ಭಾರತದಲ್ಲಿ ಹುಟ್ಟಿದ ಒಂದೇ ಧರ್ಮ ಎಂಬ ಸ್ಪಷ್ಟ ತಿಳಿವಳಿಕೆ ಯುರೋಪಿನವರಿಗೆ ಬಂದದ್ದು 18ನೆಯ ಶತಮಾನದ ಕೊನೆಯ ಹೊತ್ತಿಗೆ. ಆ ತಿಳಿವಳಿಕೆಗೆ ನೆರವಾದವರಲ್ಲಿ ಒಬ್ಬ ಕನ್ನಡ ಓದುಗರಿಗೆ ಪರಿಚಿತನೇ ಆಗಿದ್ದಾನೆ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬೆಳೆ, ಮಣ್ಣು, ಜಾತಿಗಳನ್ನೆಲ್ಲ ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಮೊದಲು, 1795ರಲ್ಲಿ, ಬರ್ಮಾದ ರಾಯಭಾರದ ಜೊತೆ ವೈದ್ಯನಾಗಿ ಹೋಗಿದ್ದ. ಬರ್ಮೀಯರ ಧರ್ಮದ ಬಗ್ಗೆ, ಇಟಾಲಿಯನ್ ಪಾದ್ರಿ ಸಾಂಜರ್ಮಾನೊ ಲ್ಯಾಟಿನ್ನಿಗೆ ತಂದಿದ್ದ ಪಾಠಗಳ ಆಧಾರದ ಮೇಲೆ ಅವನು ಬರೆದ ದೀರ್ಘ ಲೇಖನ ಇಂಗ್ಲಿಷಿನಲ್ಲಿ ಈ ವಿಷಯದ ಮೊದಲ ಗಂಭೀರ ಬರೆಹಗಳಲ್ಲೊಂದು.

ಆಮೇಲೆ ಗ್ರಂಥಗಳ ಹೊಳೆಯೇ ಹರಿಯಿತು. ಕಠ್ಮಂಡುವಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಹಾಡ್ಜ್‌ಸನ್, ನೇವಾರಿ ಪಂಡಿತ ಅಮೃತಾನಂದರ ನೆರವಿನಿಂದ ಸಂಸ್ಕೃತ ಹಸ್ತಪ್ರತಿಗಳನ್ನು ಒಟ್ಟುಮಾಡಿ ಪ್ಯಾರಿಸ್ಸಿಗೂ ಕಳಿಸಿದ. ಅವನ್ನು ಓದಿದ ಯೂಜೀನ್ ಬರ್ನೂಫ್ 1844ರಲ್ಲಿ ಭಾರತೀಯ ಬೌದ್ಧಧರ್ಮದ ಇತಿಹಾಸಕ್ಕೆ ಪ್ರವೇಶಿಕೆಯೊಂದನ್ನು ಪ್ರಕಟಿಸಿದ. ಪ್ಯಾರಿಸ್ಸಿನಲ್ಲಿ ಕುಳಿತ ಈ ವಿದ್ವಾಂಸ ಜೀವಂತ ಬೌದ್ಧ ಸಮಾಜವೊಂದನ್ನು ಕಂಡವನಲ್ಲ. ನಿಜವಾದ ಬೌದ್ಧಧರ್ಮ ಪುಸ್ತಕದಲ್ಲಿದೆ, ಅದನ್ನು ಪಾಲಿಸುತ್ತಿರುವ ಜನ ಅದನ್ನು ಕೆಡಿಸಿಕೊಂಡವರು ಎಂಬ ಭಾವನೆ ಆ ಕಾಲದ ಪಾಂಡಿತ್ಯದಲ್ಲಿ ಬೇರೂರಿತು, ಇನ್ನೂ ಪೂರ್ತಿ ಅಳಿದಿಲ್ಲ.

ಆ ಓದಿನಲ್ಲಿ ಯುರೋಪನ್ನು ಬೆಚ್ಚಿಸಿದ ಪದ ‘ನಿರ್ವಾಣ’. ಅದರ ಅರ್ಥ ಸಂಪೂರ್ಣ ನಾಶವೆಂದು ಬಹುಮಂದಿ ಓದಿದರು. ಇಷ್ಟೊಂದು ಜನ ಶೂನ್ಯವನ್ನೇ ಮೋಕ್ಷವೆಂದು ಹಂಬಲಿಸುವುದು ಹೇಗೆ ಸಾಧ್ಯ ಎಂದು ಫ್ರಾನ್ಸಿನ ವಿದ್ವಾಂಸರು ಗಾಬರಿಗೊಂಡರು. ಇತ್ತ ಜರ್ಮನಿಯಲ್ಲಿ ಶೋಪೆನ್‌ಹಾವರ್ ಇದರಲ್ಲಿಯೇ ತನ್ನ ದರ್ಶನಕ್ಕೆ ಬೆಂಬಲವನ್ನು ಕಂಡು, ಮನೆಯಲ್ಲಿ ಬುದ್ಧನ ವಿಗ್ರಹವನ್ನು ಇಟ್ಟುಕೊಂಡ. ಹೆದರಿದವರೂ ಮೆಚ್ಚಿದವರೂ ಒಂದೇ ಅರ್ಥವನ್ನು ಹಿಡಿದಿದ್ದರು. ನಿರ್ವಾಣವೆಂದರೆ ಆರುವುದು, ಕನ್ನಡದಲ್ಲಿ ದೀಪವೂ ಆರುತ್ತದೆ, ಕುದಿಯುವ ಹಾಲೂ ಆರುತ್ತದೆ. ರಾಗ, ದ್ವೇಷ, ಮೋಹಗಳೆಂಬ ಬೆಂಕಿ ಆರಿ ತಂಪಾಗುವುದು ಎಂಬ ಪಾಲಿ ಗ್ರಂಥಗಳ ಮಾತು ನಮ್ಮ ಕ್ರಿಯಾಪದದಲ್ಲಿಯೇ ಕೂತಿದೆ. ಯುರೋಪಿನವರು ಆರಿದ ದೀಪವನ್ನು ಮಾತ್ರ ಕಂಡರು.

19ನೆಯ ಶತಮಾನದ ಈ ಕಥೆಯನ್ನು ‘ಪಾಶ್ಚಾತ್ಯರು ಬೌದ್ಧಧರ್ಮವನ್ನು ಕಂಡುಹಿಡಿದರು’ ಎಂದು ಹೇಳುವ ವಾಡಿಕೆಯಿದೆ. ಇದು ಅರ್ಧ ಸತ್ಯವೂ ಅಲ್ಲವೆಂದು ನನ್ನ ಅಭಿಪ್ರಾಯ. 1873ರ ಆಗಸ್ಟಿನಲ್ಲಿ ಸಿಂಹಳದ ಪಾಣದುರದಲ್ಲಿ ಎರಡು ದಿನ ನಡೆದ ಬಹಿರಂಗ ವಾದವನ್ನೇ ನೋಡಿ. ಒಂದು ಕಡೆ ಕ್ರೈಸ್ತ ಪಾದ್ರಿ ಡೇವಿಡ್ ಡಿ ಸಿಲ್ವ, ಇನ್ನೊಂದು ಕಡೆ ಮೊಹೊಟ್ಟಿವತ್ತೆ ಗುಣಾನಂದ ಭಿಕ್ಷು, ಎದುರಿಗೆ ಸಾವಿರಾರು ಜನ. ಮಿಷನರಿಗಳಿಂದಲೇ ಮುದ್ರಣವನ್ನೂ ಭಾಷಣ ಶೈಲಿಯನ್ನೂ ಕಲಿತಿದ್ದ ಗುಣಾನಂದರು ಬೈಬಲಿನ ವಾಕ್ಯಗಳನ್ನೇ ಹಿಡಿದು ವಾದಿಸಿ ಜನರ ಜಯಘೋಷ ಪಡೆದರು. ಅದರ ಇಂಗ್ಲಿಷ್ ವರದಿಯನ್ನು ಓದಿದ ಅಮೆರಿಕದ ಕರ್ನಲ್ ಹೆನ್ರಿ ಆಲ್ಕಾಟ್, ತನ್ನ ಜೊತೆ ಥಿಯಾಸಫಿಕಲ್ ಸೊಸೈಟಿಯನ್ನು ಸ್ಥಾಪಿಸಿದ್ದ ಬ್ಲಾವಟ್‌ಸ್ಕಿಯವರೊಡನೆ 1880ರ ಮೇ ತಿಂಗಳಲ್ಲಿ ಗಾಲೆಗೆ ಬಂದಿಳಿದು ಸಾರ್ವಜನಿಕವಾಗಿ ಪಂಚಶೀಲವನ್ನು ಸ್ವೀಕರಿಸಿದ. ಮರುವರ್ಷ ಅವನು ಬರೆದ ಬೌದ್ಧ ಪ್ರಶ್ನೋತ್ತರಮಾಲೆಯ ರೂಪ ಕ್ರೈಸ್ತ ಮಕ್ಕಳ ಧರ್ಮಪಾಠದ್ದು. ಇಂದು ಬೋಧಗಯೆಯಲ್ಲಿಯೂ ನಮ್ಮ ವಿಹಾರಗಳಲ್ಲಿಯೂ ಹಾರುವ ಬೌದ್ಧ ಧ್ವಜವನ್ನು 1885ರಲ್ಲಿ ಕೊಲಂಬೊದ ಸಮಿತಿಯೊಂದು ರೂಪಿಸಿತು. ಅದರ ಅಳತೆಯನ್ನು ತಿದ್ದಿಸಿದವನು ಆಲ್ಕಾಟ್. ಬುದ್ಧನ ಬದುಕನ್ನು ಇಂಗ್ಲಿಷ್ ಕಾವ್ಯವಾಗಿ ಹೇಳಿ ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದ ಎಡ್ವಿನ್ ಆರ್ನಾಲ್ಡ್‌ನ ‘ಲೈಟ್ ಆಫ್ ಏಷ್ಯಾ’ 1879ರಲ್ಲಿಯೇ ಬಂದಿತ್ತು.

1893ರ ಷಿಕಾಗೊ ಸಮ್ಮೇಳನವೆಂದರೆ ನಮಗೆ ವಿವೇಕಾನಂದರ ನೆನಪು ಮಾತ್ರ. ಅದೇ ವೇದಿಕೆಯಲ್ಲಿ ಸಿಂಹಳದ ಅನಾಗಾರಿಕ ಧರ್ಮಪಾಲರೂ ಜಪಾನಿನ ಝೆನ್ ಗುರು ಸೋಯೆನ್ ಶಾಕು ಅವರೂ ಇದ್ದರು. ಸೋಯೆನ್ ಅವರ ಭಾಷಣವನ್ನು ಇಂಗ್ಲಿಷಿಗೆ ಮಾಡಿಕೊಟ್ಟ ಶಿಷ್ಯ ಡಿ. ಟಿ. ಸುಜುಕಿ 1897ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಝೆನ್ ಎಂಬ ಪದವನ್ನೇ ಪಶ್ಚಿಮದ ಮನೆಮಾತು ಮಾಡಿದರು. ತಮಿಳುನಾಡಿನ ಅಯೋತಿದಾಸ ಪಂಡಿತರು ಆಲ್ಕಾಟ್‌ನನ್ನು ಕಂಡು, ಸಿಂಹಳಕ್ಕೆ ಹೋಗಿ ದೀಕ್ಷೆ ಪಡೆದು ಕಟ್ಟಿದ ಬೌದ್ಧ ಸಂಘದ ಶಾಖೆಗಳು 20ನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿಯೂ ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ನಡುವೆಯೂ ಇದ್ದವು. ಇನ್ನು ಅಂಬೇಡ್ಕರ್ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿಯ ಶಿಷ್ಯರಾಗಿ ಕಲಿತದ್ದಕ್ಕೂ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಸ್ವೀಕರಿಸಿದ ಧಮ್ಮಕ್ಕೂ ಇರುವ ಸಂಬಂಧ ಪ್ರತ್ಯೇಕ ಲೇಖನವನ್ನೇ ಬೇಡುವಂಥದು. ಅವರ ಆ ಧಮ್ಮದಲ್ಲಿ ಧ್ಯಾನಕ್ಕಿಂತ ಸಮಾಜಕ್ಕೆ ಮೊದಲ ಸ್ಥಾನ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ. ನಿಮ್ಮ ತರಗತಿಯ ದಾರಿಗಿಂತ ಅದು ತೀರ ಬೇರೆಯದು.

ನಿಮ್ಮ ತರಗತಿಯ ದಾರಿ ಬರ್ಮಾದಿಂದ ಹೊರಟದ್ದು. 1885ರಲ್ಲಿ ಬ್ರಿಟಿಷರು ಮಂಡಾಲೆಯನ್ನು ಹಿಡಿದು ಅರಸೊತ್ತಿಗೆಯನ್ನು ಕೊನೆಗಾಣಿಸಿದಾಗ, ಧರ್ಮವನ್ನು ಕಾಯುವ ಅರಸನಿಲ್ಲದ ಮೇಲೆ ಗೃಹಸ್ಥರೇ ಅದನ್ನು ಕಾಯಬೇಕೆಂದು ಲೇಡಿ ಸಯಾಡೊ ಮೊದಲಾದ ಭಿಕ್ಷುಗಳು ಅಭಿಧಮ್ಮವೆಂಬ ಬೌದ್ಧ ತತ್ತ್ವವಿಚಾರವನ್ನೂ ವಿಪಶ್ಯನೆ ಎಂಬ ಧ್ಯಾನಕ್ರಮವನ್ನೂ ಸಾಮಾನ್ಯ ಜನರಿಗೆ ಕಲಿಸತೊಡಗಿದರು. ಬಹುಮಟ್ಟಿಗೆ ಭಿಕ್ಷುಗಳ ಪಾಲಿನದಾಗಿದ್ದ ಧ್ಯಾನ ಕಚೇರಿ ನೌಕರರ ಕೈಗೆ ಬಂದದ್ದು ಅಲ್ಲಿ. ವಿಪಶ್ಯನೆಯ ಶಿಬಿರಗಳಿಂದ ಹೆಸರಾದ ಸತ್ಯನಾರಾಯಣ ಗೋಯೆಂಕಾ ಅವರ ಗುರು ಊ ಬಾ ಖಿನ್ ಬರ್ಮಾ ಸರಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರಗಳನ್ನು ನಡೆಸಿದಾಗ ಬೋಧಗಯೆಯ ಸುತ್ತ ಅಲೆಯುತ್ತಿದ್ದ ಅಮೆರಿಕದ ಯುವಕ ಯುವತಿಯರು ಅವರಲ್ಲಿಯೂ ಇತರ ಗುರುಗಳಲ್ಲಿಯೂ ಕಲಿತು ಊರಿಗೆ ಮರಳಿ, 1975ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಅದೇ ರಾಜ್ಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಜಾನ್ ಕಬಟ್-ಜಿನ್, ಔಷಧದಿಂದ ವಾಸಿಯಾಗದ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಕೆಲವು ವಾರಗಳ ಪಾಠಕ್ರಮವನ್ನು ಆರಂಭಿಸಿದರು. ಕೊರಿಯದ ಝೆನ್ ಮತ್ತು ವಿಪಶ್ಯನೆ ಎರಡನ್ನೂ ಅಭ್ಯಾಸ ಮಾಡಿದ್ದ ಅವರು ಆಸ್ಪತ್ರೆ ಒಪ್ಪಲೆಂದು ತಿಳಿದೇ ಬೌದ್ಧ ಪರಿಭಾಷೆಯನ್ನು ಬಿಟ್ಟರು. ನಿಮ್ಮ ತರಬೇತುದಾರರು ಹೇಳಿದ ಆಸ್ಪತ್ರೆ ಇದೇ.

ಆದರೆ ‘ಮೈಂಡ್‌ಫುಲ್‌ನೆಸ್’ ಎಂಬ ಪದದ ಈ ಬಳಕೆ ಅದಕ್ಕಿಂತ ಸುಮಾರು ನೂರು ವರ್ಷ ಹಳೆಯದು. ಅದು ಪಾಲಿಯ ‘ಸತಿ’ಗೆ ಸಿಂಹಳದಲ್ಲಿ ಅಧಿಕಾರಿಯಾಗಿದ್ದು ಪಾಲಿ ಕಲಿತ ರೀಸ್ ಡೇವಿಡ್ಸ್ 1881ರಲ್ಲಿ ಬಳಸಿದ ಅನುವಾದ. (ಕನ್ನಡದ ‘ಸತಿ’ ಬೇರೆ, ಈ ಪಾಲಿ ಪದದ ಸಂಸ್ಕೃತ ರೂಪ ‘ಸ್ಮೃತಿ’.) ಅವನಿಗಿಂತ ಹಿಂದಿನವರು ಇದೇ ಪದಕ್ಕೆ ಅಂತಃಸಾಕ್ಷಿ ಎಂದೂ ಧ್ಯಾನ ಎಂದೂ ಬೇರೆ ಬೇರೆ ಅರ್ಥ ಹೇಳಿ ತಡವರಿಸಿದ್ದರು. ‘ಸತಿ’ಯಲ್ಲಿ ನೆನಪು ಎಂಬ ಮೂಲಾರ್ಥವಿದೆ, ಹೊಸ ಇಂಗ್ಲಿಷ್ ಪದದಲ್ಲಿ ನೆನಪಿನ ಅಂಶ ಕ್ರಮೇಣ ಸವೆದು ಗಮನದ ಅಂಶ ಉಳಿಯಿತು. ಕಬಟ್-ಜಿನ್ ಅವರ ವಿವರಣೆಯಲ್ಲಿ ಅದು ಈ ಕ್ಷಣದಲ್ಲಿ, ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಕೊಡದೆ, ಬೇಕೆಂದೇ ಇಡುವ ಗಮನ.

ಈಗ ಮಿಲಿಂದನ ಪ್ರಶ್ನೆಗೆ ಬರಬಹುದು. ಸತಿಯ ಲಕ್ಷಣವೇನು ಎಂದು ಅರಸ ಕೇಳಿದಾಗ ನಾಗಸೇನನು ಚಕ್ರವರ್ತಿಯ ಭಂಡಾರಿಯ ದೃಷ್ಟಾಂತ ಕೊಡುತ್ತಾನೆ. ಆ ಭಂಡಾರಿ ಬೆಳಗ್ಗೆಯೂ ಸಂಜೆಯೂ ಒಡೆಯನ ಮುಂದೆ ನಿಂತು, ನಿನ್ನಲ್ಲಿ ಇಷ್ಟು ಆನೆಗಳಿವೆ, ಇಷ್ಟು ಕುದುರೆಗಳಿವೆ, ಇಷ್ಟು ಚಿನ್ನವಿದೆ, ಇದನ್ನು ನೆನಪಿಡು ಎಂದು ಲೆಕ್ಕ ಒಪ್ಪಿಸುತ್ತಾನೆ. ಹಾಗೆಯೇ ಸತಿಯು, ಇದು ಕುಶಲ, ಇದು ಅಕುಶಲ, ಇದು ಹಿತ, ಇದು ಅಹಿತ ಎಂದು ಮನಸ್ಸಿಗೆ ನೆನಪಿಸಿ, ಹಿತವಾದದ್ದನ್ನು ಹಿಡಿದು ಅಹಿತವನ್ನು ಬಿಡಿಸುತ್ತದೆ. ಅಂದರೆ ಗ್ರೀಕ್ ಅರಸನಿಗೆ ಹೇಳಿದ ಸತಿಯಲ್ಲಿ ತೀರ್ಪು ಇದೆ. ನಿಮ್ಮ ಕಚೇರಿಗೆ ಬಂದಿರುವ ವಿಧಾನ ಆ ತೀರ್ಪನ್ನೇ ತೆಗೆದಿಡಲು ಹೇಳುತ್ತದೆ.

ಹೀಗೆಂದು ನಿಮ್ಮ ತರಗತಿ ಮೋಸವೆಂದು ನಾನು ಹೇಳುತ್ತಿಲ್ಲ. ತೀರ್ಪಿಲ್ಲದ ಬರಿಯ ಗಮನವನ್ನು ಅಭ್ಯಾಸದ ಮೊದಲ ಮೆಟ್ಟಿಲಾಗಿ ಒತ್ತಿ ಹೇಳಿದವರಲ್ಲಿ ಸಿಂಹಳ, ಬರ್ಮಾಗಳಲ್ಲಿ ನೆಲೆಯಾದ ಥೇರವಾದ ಪಂಥದ 20ನೆಯ ಶತಮಾನದ ಭಿಕ್ಷುಗಳೂ ಇದ್ದಾರೆ. ಅದು ಅಮೆರಿಕದ ಕಲ್ಪನೆಯಷ್ಟೇ ಅಲ್ಲ. ಉಸಿರನ್ನು ಗಮನಿಸುವ ಕ್ರಮ ಪಾಲಿ ಸುತ್ತಗಳಲ್ಲಿ ಇರುವಂಥದೇ, ಅದರಿಂದ ಒತ್ತಡ ಕಡಿಮೆಯಾದರೆ ಬೇಡವೆನ್ನಲು ಕಾರಣವಿಲ್ಲ. ಆದರೆ ಕಂಪನಿಯ ಗಡುವನ್ನು ಸಹಿಸಲು ಮನಸ್ಸನ್ನು ತಯಾರು ಮಾಡುವ ತರಗತಿಯಲ್ಲಿ, ನಾನು ಮಾಡುತ್ತಿರುವ ಈ ಕೆಲಸ ಕುಶಲವೋ ಅಕುಶಲವೋ ಎಂದು ಸಂಜೆ ಬೆಳಗ್ಗೆ ಲೆಕ್ಕ ಕೇಳುವ ಭಂಡಾರಿಗೆ ಜಾಗವಿರುವುದು ಕಷ್ಟ. ಅವನನ್ನೂ ಸೇರಿಸಿಕೊಂಡು ಕಲಿಯಬೇಕೆಂದು ನಿಮಗೆ ಅನ್ನಿಸಿದರೆ ದೂರ ಹೋಗಬೇಕಾಗಿಲ್ಲ: ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ ನಿಮ್ಮ ಊರಿನ ಗಾಂಧಿನಗರದಲ್ಲಿಯೇ ಇದೆ.